ಜೇಬಿನಲ್ಲೇ ಉಳಿಯುವ ಬ್ರಹ್ಮಾಸ್ತ್ರ

ಕೈಯಲ್ಲಿ ಹಿಡಿದೇ ಹೊಡೆಯುವ ಕತ್ತಿ, ಗದೆಗಳನ್ನು ಶಸ್ತ್ರವೆಂದೂ ಕೈಬಿಟ್ಟು ಹಾರಿಹೋಗಿ ತಾಗುವ ಬಾಣದಂಥವನ್ನು ಅಸ್ತ್ರವೆಂದೂ ಹಿಂದಿನವರು ಬೇರೆ ಮಾಡಿದ್ದರು. ಎಸೆಯುವುದೆಂಬ ಅರ್ಥದ ಧಾತುವಿನಿಂದಲೇ ಅಸ್ತ್ರ ಹುಟ್ಟಿದೆ. ಯುದ್ಧವಿಮಾನದಿಂದ ಹಾರಿ ಶತ್ರುವಿಮಾನವನ್ನು ಹೊಡೆಯುವ ತನ್ನ ಕ್ಷಿಪಣಿಗೆ ಡಿಆರ್‌ಡಿಒ ಈ ಹೆಸರನ್ನೇ ಇಟ್ಟು ವ್ಯಾಕರಣದ ಮಾನ ಉಳಿಸಿದೆ. ನಮ್ಮ ರಾಜಕಾರಣಿಗಳಿಗೂ ಅವರನ್ನು ದಿನವಿಡೀ ಬಿತ್ತರಿಸುವ ಸುದ್ದಿವಾಹಿನಿಗಳಿಗೂ ಮಾತ್ರ ಅಸ್ತ್ರವೆಂದರೆ ಯಾವ ಕಾರಣಕ್ಕೂ ಎಸೆಯಬಾರದ ವಸ್ತು.

ರಾಜೀನಾಮೆ ಅಸ್ತ್ರವನ್ನೇ ನೋಡಿ. ಸಂಪುಟ ವಿಸ್ತರಣೆಯ ಸುಳಿವು ಸಿಕ್ಕ ಮಧ್ಯಾಹ್ನ ಅದನ್ನು ಝಳಪಿಸಲಾಗುತ್ತದೆ (ಝಳಪಿಸುವುದು ಕತ್ತಿಯನ್ನು, ಇರಲಿ), ಸಂಜೆಗೆ ಅದು ಬ್ರಹ್ಮಾಸ್ತ್ರವಾಗಿ ಪರದೆಯ ಮೇಲೆ ಧಗಧಗಿಸುತ್ತದೆ, ರಾತ್ರಿ ವರಿಷ್ಠರ ಕರೆ ಬಂದೊಡನೆ ಮಡಚಿಕೊಂಡು ಜೇಬು ಸೇರುತ್ತದೆ. ಸಂವಿಧಾನದ 190ನೇ ವಿಧಿ ಕೇಳುವುದು ಸಭಾಧ್ಯಕ್ಷರಿಗೆ ಬರೆದ ಒಂದು ಪತ್ರವನ್ನು ಮತ್ತು ಅದು ಸ್ವಇಚ್ಛೆಯದೆಂಬ ಖಾತರಿಯನ್ನು ಮಾತ್ರ. 2019ರ ಜುಲೈನಲ್ಲಿ ಮೈತ್ರಿ ಸರ್ಕಾರದ ಶಾಸಕರು ನಿಜಕ್ಕೂ ಎಸೆದಾಗ, ಹಲವರ ಪತ್ರಗಳು ಕ್ರಮಬದ್ಧವಾಗಿಲ್ಲವೆಂದು ಅಂದಿನ ಸಭಾಧ್ಯಕ್ಷರು ಹೇಳಬೇಕಾಯಿತು. ಎಸೆದು ರೂಢಿಯಿಲ್ಲದವರ ಕೈ ನಡುಗುವುದು ಸಹಜವೇ. ಸರ್ಕಾರವೇನೋ 99–105ರ ಅಂತರದಲ್ಲಿ ಬಿತ್ತು. ಆದರೆ ಅಸ್ತ್ರದ ಬೆನ್ನಿಗೇ ಅದನ್ನು ಎಸೆದವರೂ ಮುಂಬೈವರೆಗೆ ಹಾರಿದ್ದು ಧನುರ್ವಿದ್ಯೆಗೆ ಕರ್ನಾಟಕದ ಕೊಡುಗೆಯೆಂದೇ ಹೇಳಬೇಕು.

ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮನು ಹುಲ್ಲುಕಡ್ಡಿಯನ್ನೇ ಅಭಿಮಂತ್ರಿಸಿ ಬ್ರಹ್ಮಶಿರಾಸ್ತ್ರವನ್ನು ಬಿಟ್ಟಾಗ ಅರ್ಜುನನೂ ಅದನ್ನೇ ಎದುರು ಬಿಡುತ್ತಾನೆ. ವ್ಯಾಸ, ನಾರದರು ನಡುವೆ ಬಂದು ನಿಂತ ಮೇಲೆ ಅರ್ಜುನನು ತನ್ನದನ್ನು ಹಿಂದಕ್ಕೆ ಪಡೆಯುತ್ತಾನೆ. ಅಶ್ವತ್ಥಾಮನಿಗೆ ಬಿಡುವುದು ಗೊತ್ತು, ಉಪಸಂಹಾರ ಗೊತ್ತಿಲ್ಲ. ನಮ್ಮ ನಾಯಕರದು ಇದಕ್ಕೆ ತದ್ವಿರುದ್ಧವಾದ ಪಾಂಡಿತ್ಯ. ಬಿಡುವುದು ಬಾರದಿದ್ದರೂ ಉಪಸಂಹಾರ ಅವರಿಗೆ ಕರತಲಾಮಲಕ. ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂಬುದು ಅದರ ಮಂತ್ರ. ಅರ್ಜುನನಿಗೆ ಬೇಕಾಗಿದ್ದ ಬ್ರಹ್ಮಚರ್ಯ, ಗುರುಸೇವೆಗಳೊಂದೂ ಅದಕ್ಕೆ ಬೇಕಿಲ್ಲ.

ಬ್ರಹ್ಮಶಿರಸ್ಸಿಗೆ ಮತ್ತೊಂದು ಮಹಾಸ್ತ್ರ ಅಡ್ಡಬಂದ ನಾಡಿನಲ್ಲಿ 12 ವರ್ಷ ಮಳೆಯಾಗುವುದಿಲ್ಲವೆಂಬ ಎಚ್ಚರಿಕೆಯೂ ಅದೇ ಪರ್ವದಲ್ಲಿದೆ. ‘ಅಸ್ತ್ರಕ್ಕೆ ಪ್ರತ್ಯಸ್ತ್ರ’ ಎಂಬ ತಲೆಬರಹವಿಲ್ಲದೆ ವಾರ ಕಳೆಯದ ಬೆಂಗಳೂರಿನಲ್ಲಿ ಮಾತ್ರ ಒಂದು ಗಂಟೆಯ ಮಳೆಗೆ ಅಂಡರ್‌ಪಾಸ್‌ಗಳು ತುಂಬಿ ಕಾರುಗಳು ತೇಲುತ್ತವೆ. ಮರುದಿನ ಬೆಳಿಗ್ಗೆ ವಿರೋಧ ಪಕ್ಷದವರು ಪತ್ರಿಕಾಗೋಷ್ಠಿ ಕರೆದು, ಪಾಲಿಕೆಯ ವಿರುದ್ಧ ಹೋರಾಟದ ಅಸ್ತ್ರವನ್ನು ಹೂಡುವುದಾಗಿ ಘೋಷಿಸಿ, ಚಹಾ ಕುಡಿದು ಎದ್ದುಹೋಗುತ್ತಾರೆ.