ಕುಡಿಯದವರಿಗೆ ರಿಯಾಯಿತಿ ಇದೆಯಾ?

ಅಪ್ಪ-ಅಮ್ಮ ಭದ್ರಾವತಿಯಿಂದ ನ್ಯೂಜೆರ್ಸಿಗೆ ಬಂದು ಒಂದು ತಿಂಗಳಾಗಿತ್ತು. ನಯಾಗರ ಆಯಿತು, ದೇವಸ್ಥಾನ ಆಯಿತು, ಕಾಸ್ಟ್‌ಕೋ ನಾಲ್ಕು ಸಲ ಆಯಿತು. ಇನ್ನೇನು ತೋರಿಸೋದು? ‘ಕೆರಿಬಿಯನ್‌ಗೆ ಹೋಗೋಣ, ಸಮುದ್ರದ ಪಕ್ಕ ಒಳ್ಳೇ ರೆಸಾರ್ಟ್’ ಅಂದೆ. ಅಮ್ಮ ‘ಸಮುದ್ರ ಮಲ್ಪೆಯಲ್ಲೂ ಇದೆ’ ಅಂದಳು. ಅಪ್ಪನ ಮುಖ ಮಾತ್ರ ಅರಳಿತು.

ಅಪ್ಪನಿಗೆ ಕೆರಿಬಿಯನ್ ಅಂದರೆ ದ್ವೀಪಗಳಲ್ಲ, ಮೈದಾನಗಳು. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾನೂರಕ್ಕೂ ಜಾಸ್ತಿ ರನ್ ಬೆನ್ನಟ್ಟಿ ಗೆದ್ದಿತಲ್ಲ, ಅದರಲ್ಲಿ ನಮ್ಮೂರಿನ ವಿಶ್ವನಾಥ್ 112 ಹೊಡೆದಿದ್ದರು. ಆ ಸೆಂಚುರಿಯಲ್ಲಿ ತಮ್ಮದೂ ಒಂದಿಪ್ಪತ್ತು ರನ್ ಇದೆ ಅನ್ನೋ ಹಾಗೆ ಅಪ್ಪ ಇವತ್ತಿಗೂ ಮಾತಾಡುತ್ತಾರೆ. ‘ಬೆಳಿಗ್ಗೆ ಪೋರ್ಟ್ ಆಫ್ ಸ್ಪೇನ್, ಮಧ್ಯಾಹ್ನ ಕಿಂಗ್‌ಸ್ಟನ್. ಬಸ್ ಇರುತ್ತಲ್ವೇನೋ?’ ಅಂದರು. ನಡುವೆ ಸಾವಿರದೈನೂರು ಕಿಲೋಮೀಟರಿಗೂ ಜಾಸ್ತಿ ಇದೆ, ಅದೂ ಬರೀ ನೀರು ಅಂತ ಮ್ಯಾಪ್ ತೋರಿಸಬೇಕಾಯಿತು.

ಕೊನೆಗೆ ಆಂಟಿಗುವಾ ಗಟ್ಟಿಯಾಯಿತು. ಡಿಲ್ಲನ್ ಎಸೆದ ಚೆಂಡು ಬಡಿದು ದವಡೆ ಮುರಿದರೂ ಕುಂಬ್ಳೆ ಮುಖಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿ, ಲಾರಾನನ್ನು ಔಟ್ ಮಾಡಿದ್ದು ಅಲ್ಲೇ, 2002ರಲ್ಲಿ. ಅಲ್ಲಿಂದ ಮುಂದೆ ನನಗೆ ಮನೆಯಲ್ಲಿ ಬಾಯಿ ಇಲ್ಲದಂತಾಯಿತು. ರೆಸಾರ್ಟಿನಲ್ಲಿ ಮೂರು ಥರ ರೂಮು: ಕಿಟಕಿಯಿಂದ ಗಿಡ ಕಾಣುವುದು, ಸಮುದ್ರ ಕಾಣುವುದು, ಬಾಗಿಲು ತೆರೆದರೆ ಸಮುದ್ರವೇ ಇರುವುದು. ಗಿಡದಿಂದ ಸಮುದ್ರಕ್ಕೆ ರಾತ್ರಿಗೆ ನೂರಿಪ್ಪತ್ತು ಡಾಲರ್ ವ್ಯತ್ಯಾಸ. ‘ಬಾಲ್ಕನಿಯಿಂದ ಸಮುದ್ರ ಕಂಡರೆ ಚೆನ್ನಾಗಿರುತ್ತೆ’ ಅಂದೆ. ‘ಅವನು ಮುರಿದ ದವಡೆಯಲ್ಲಿ ಬೌಲಿಂಗ್ ಮಾಡಿದ. ನಿನಗೆ ಬಾಲ್ಕನಿ ಬೇಕಾ?’ ಅಂದರು ಅಪ್ಪ.

ಆಂಟಿಗುವಾದವರು ತಮ್ಮಲ್ಲಿ 365 ಬೀಚ್ ಇವೆ, ದಿನಕ್ಕೊಂದು ಅಂತ ಹೇಳಿಕೊಳ್ಳುತ್ತಾರೆ. ಬೀಚುಗಳೆಲ್ಲ ಸಾರ್ವಜನಿಕ. ಈ ಎರಡನೇ ವಿಷಯವನ್ನು ನಾನು ಅಪ್ಪನ ಮುಂದೆ ಬಾಯಿಬಿಡಬಾರದಿತ್ತು. ‘ಹಾಗಿದ್ದರೆ ಇಷ್ಟು ದುಡ್ಡು ಯಾತಕ್ಕೆ ಕೊಡ್ತಿದೀಯ?’ ಊಟ, ತಿಂಡಿ, ಡ್ರಿಂಕ್ಸ್ ಎಲ್ಲಾ ಅದರಲ್ಲೇ ಸೇರಿದೆ ಅಂದೆ. ಅದು ಇನ್ನೂ ದೊಡ್ಡ ತಪ್ಪು.

‘ನಾವ್ಯಾರೂ ಕುಡಿಯಲ್ಲವಲ್ಲ, ಅದನ್ನ ಕಳೆದು ಕೊಡಲಿ’ ಅಂದಳು ಅಮ್ಮ. ಹೆಂಡತಿ ನನ್ನ ಕಡೆ ನೋಡಿದಳು. ನಾನು ಫ್ಯಾನ್ ನೋಡಿದೆ.

ಅಮ್ಮ ಬಿಡಲಿಲ್ಲ. ರೆಸಾರ್ಟಿಗೆ ಮೇಲ್ ಬರೆದೆ: ‘ನಾವು ಐವರು. ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಕುಡಿಯದವರಿಗೆ ರಿಯಾಯಿತಿ ಇದೆಯಾ?’ ಸಂಜೆ ಊಟಕ್ಕೆ ಗಂಡಸರು ಉದ್ದ ಪ್ಯಾಂಟು ಹಾಕಲೇಬೇಕು ಅಂತ ನಿಯಮ ಓದಿದ್ದರಿಂದ, ಅಪ್ಪನ ಒತ್ತಾಯಕ್ಕೆ ‘ಪಂಚೆ ಪ್ಯಾಂಟಿಗಿಂತ ಉದ್ದ ಇರುತ್ತದೆ, ನಡೆಯುತ್ತದೆಯೇ?’ ಅಂತಲೂ ಸೇರಿಸಿದೆ.

ವಿಮಾನದ ಟಿಕೆಟ್ ಜವಾಬ್ದಾರಿ ಪೂರ್ತಿ ನನ್ನದು. ಮೇ ಮಧ್ಯದಲ್ಲಿ ಹೋಗೋದು ಅಂತ ತೀರ್ಮಾನ. ಚಂಡಮಾರುತದ ಕಾಲ ಶುರುವಾಗೋದು ಜೂನ್ ಒಂದಕ್ಕೆ, ಅಷ್ಟರಲ್ಲಿ ವಾಪಸು ಬಂದಿರುತ್ತೇವೆ. ಚಳಿಗಾಲದ ರಶ್ಶೂ ಮುಗಿದು ರೇಟು ಇಳಿದಿರುತ್ತದೆ. ಇಷ್ಟೆಲ್ಲಾ ಯೋಚಿಸಿದ ಬುದ್ಧಿವಂತ ನಾನು. ರಾಜಧಾನಿಯ ಹೆಸರು ಸೇಂಟ್ ಜಾನ್ಸ್. ಅದನ್ನೇ ಟೈಪ್ ಮಾಡಿದೆ. ನಾಲ್ಕು ಗಂಟೆ ಒಳಗಿನ ಪ್ರಯಾಣ, ಅಂದುಕೊಂಡದ್ದಕ್ಕಿಂತ ಅಗ್ಗ. ಐದು ಟಿಕೆಟ್ ಕೊಂಡು, ಮನೆಯವರೆಲ್ಲರ ಮುಂದೆ ಕಾಲರ್ ಎತ್ತಿಕೊಂಡು ಓಡಾಡಿದೆ.

ಮಾರನೇ ದಿನ ಅಮ್ಮ ಸೂಟ್‌ಕೇಸ್ ಮುಂದೆ ಕೂತು, ‘ಸ್ವೆಟರ್ ಇಡಲಾ ಬೇಡ್ವಾ? ಅಲ್ಲಿ ಬಿಸಿಲು ಹೇಗಿದೆ ನೋಡು ಪುಟ್ಟಿ’ ಅಂತ ಮಗಳಿಗೆ ಹೇಳಿದಳು. ಮಗಳು ನನ್ನ ಫೋನಿನಲ್ಲಿ ಟಿಕೆಟ್ ತೆರೆದು ಊರಿನ ಹೆಸರು ಒತ್ತಿದಳು. ‘ಆರು ಡಿಗ್ರಿ ಅಜ್ಜಿ. ಸಮುದ್ರದಲ್ಲಿ ಐಸ್ ತೇಲ್ತಾ ಇದೆ. ತುಂಬಾ ಚೆನ್ನಾಗಿದೆ!’

ಅಪ್ಪ ಕನ್ನಡಕ ಹಾಕಿಕೊಂಡು ಇಣುಕಿದರು. ‘ಕೆನಡಾ ಅಂತ ಬರೆದಿದೆಯಲ್ಲೋ.’

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲೂ ಒಂದು ಸೇಂಟ್ ಜಾನ್ಸ್ ಇದೆ. ವಸಂತದಲ್ಲಿ ಜನ ಅಲ್ಲಿಗೆ ಮಂಜುಗಡ್ಡೆಯ ಬೆಟ್ಟಗಳನ್ನು ನೋಡೋಕೆ ಹೋಗುತ್ತಾರೆ. ನಾನು ನಾಲ್ಕು ಜೊತೆ ಈಜುಬಟ್ಟೆ, ಒಂದು ಪಂಚೆ ತಗೊಂಡು ಹೊರಟಿದ್ದೆ. ಪುಣ್ಯಕ್ಕೆ ಅಮೆರಿಕದಲ್ಲಿ ಪ್ರಯಾಣಕ್ಕೆ ಒಂದು ವಾರವಾದರೂ ಮೊದಲು ಕೊಂಡ ಟಿಕೆಟ್ಟನ್ನು 24 ಗಂಟೆಯೊಳಗೆ ರದ್ದು ಮಾಡಿದರೆ ಪೂರ್ತಿ ದುಡ್ಡು ಬರುತ್ತದೆ. ಗಡಿಯಾರ ನೋಡಿದೆ. ಇಪ್ಪತ್ತೆರಡೂವರೆ ಗಂಟೆ ಆಗಿತ್ತು. ಬೆರಳು ನಡುಗುತ್ತಿದ್ದರಿಂದ ಪಾಸ್‌ವರ್ಡ್ ಮೂರು ಸಲ ತಪ್ಪು ಒತ್ತಿದೆ. ಕೊನೆಗೆ ಹೆಂಡತಿ ಫೋನ್ ಕಿತ್ತುಕೊಂಡು ರದ್ದು ಮಾಡಿದಳು. ‘ಇನ್ಮೇಲೆ ಟಿಕೆಟ್ ನಾನು ಮಾಡ್ತೀನಿ, ನೀವು ಸುಮ್ನೆ ಬನ್ನಿ’ ಅಂದಳು. ಸರಿಯಾದ ಸೇಂಟ್ ಜಾನ್ಸ್‌ಗೆ ದುಡ್ಡು ಒಂದೂವರೆ ಪಟ್ಟು. ಗಿಡ ಕಾಣುವ ರೂಮೇ ಖಾಯಂ ಆಯಿತು.

ಅವತ್ತೇ ರಾತ್ರಿ ರೆಸಾರ್ಟಿನ ಉತ್ತರ ಬಂತು. ಪಂಚೆಗೆ ಅಭ್ಯಂತರವಿಲ್ಲವಂತೆ, ಕಾಲಿಗೆ ಮಾತ್ರ ಶೂ ಬೇಕಂತೆ. ಕುಡಿಯದವರಿಗೆ ರಿಯಾಯಿತಿ ಇಲ್ಲ, ಆದರೆ ಎಳನೀರು ಎಷ್ಟು ಬೇಕಾದರೂ ಕುಡಿಯಬಹುದಂತೆ.

ಅಪ್ಪ ಕ್ಯಾಲ್ಕುಲೇಟರ್ ತೆಗೆದರು. ಒಬ್ಬರಿಗೆ ದಿನಕ್ಕೆ ನಾನೂರು ಡಾಲರ್, ಅದನ್ನು ರೂಪಾಯಿ ಮಾಡಿ, ಊರಲ್ಲಿ ಎಳನೀರು ಐವತ್ತು ಅಂತ ಭಾಗಿಸಿದರು. ‘ಅಸಲು ಹುಟ್ಟಬೇಕು ಅಂದರೆ ಒಬ್ಬೊಬ್ಬರು ದಿನಕ್ಕೆ ಆರುನೂರರ ಮೇಲೆ ಕುಡೀಬೇಕು ಕಣೋ.’

ಅಮ್ಮ ಸ್ವೆಟರ್ ಮಡಚುತ್ತಾ ಸ್ವಲ್ಪ ಹೊತ್ತು ಯೋಚಿಸಿದಳು.

‘ನನ್ನ ಕೈಲಿ ಎರಡಕ್ಕಿಂತ ಜಾಸ್ತಿ ಆಗಲ್ಲಪ್ಪ. ಶೀತ ಆಗುತ್ತೆ.’