ಬರೀ ಎಸ್‌ಟಿಎಲ್ ಹಾಕಿ 'ಓಪನ್ ಸೋರ್ಸ್' ಅನ್ನಬೇಡಿ

ಒಂಬತ್ತು ದಿನ. ರೋಬೋಟ್ ಕೈ ತಿರುಗಿಸುವ ಸರ್ವೋ ಮೋಟರ್ ಕೂರುವ ಗೂಡನ್ನು ಎರಡು ಮಿಲಿಮೀಟರ್ ಅಗಲ ಮಾಡೋದಕ್ಕೆ ನನ್ನ ಒಂಬತ್ತು ದಿನ ಹೋಗಿದೆ. ಇನ್ನೂ ಮುಗಿದಿಲ್ಲ.

ನಮ್ಮದು ಫೈನಲ್ ಇಯರ್ ಪ್ರಾಜೆಕ್ಟ್. ಒಣಗಿದ ಅಡಿಕೆ ಆರಿಸುವ ಸಣ್ಣ ರೋಬೋಟ್ ಕೈ. ನನ್ನೂರು ಚನ್ನಗಿರಿ ಕಡೆ. ಅಮ್ಮ, ಅತ್ತೆ ಮಧ್ಯಾಹ್ನವೆಲ್ಲ ಬಗ್ಗಿ ಕೂತು ಅಡಿಕೆ ಆರಿಸೋದನ್ನು ನೋಡಿ ಬೆಳೆದವನು ನಾನು. ಇದು ಬರೀ ಮಾರ್ಕ್ಸ್‌ಗಾಗಿ ಮಾಡುತ್ತಿರುವ ಕೆಲಸ ಅಲ್ಲ. ಒಬ್ಬರು ಪೂರ್ತಿ ಕೈಯ ಡಿಸೈನನ್ನು 'ಓಪನ್ ಸೋರ್ಸ್', ಅಂದರೆ ಯಾರು ಬೇಕಾದರೂ ತಿದ್ದಿ ಬಳಸಬಹುದು, ಅಂತ ನೆಟ್‌ನಲ್ಲಿ ಹಾಕಿದ್ದರು. ಹನ್ನೊಂದು ಪಾರ್ಟ್. ಖುಷಿಯಿಂದ ಇಳಿಸಿಕೊಂಡೆವು. ನೋಡಿದರೆ ಹನ್ನೊಂದೂ ಎಸ್‌ಟಿಎಲ್. ತೂತು ತೂತಾಗೇ, ದುಂಡು ದುಂಡಾಗೇ ಇದ್ದು ತಿದ್ದೋಕೆ ಬರೋದು ಸ್ಟೆಪ್ ಫೈಲ್. ಅದು ಒಂದಕ್ಕೂ ಇಲ್ಲ.

ಎಸ್‌ಟಿಎಲ್ ಫೈಲ್ ಅಂದರೆ ಆಕಾರದ ಮೇಲ್ಮೈ ತೋರಿಸುವ ತ್ರಿಕೋನಗಳ ರಾಶಿ, ಅಷ್ಟೇ. 1987ರಲ್ಲಿ ತ್ರೀಡಿ ಪ್ರಿಂಟಿಂಗ್ ಮೆಷಿನ್‌ಗೆ ಆಕಾರ ಕಳಿಸೋಕೆ ಅಂತ ಬಂದದ್ದು. 'ಇಲ್ಲಿ 22 ಮಿ.ಮೀ. ತೂತಿದೆ' ಅಂತ ಅದರಲ್ಲಿ ಎಲ್ಲೂ ಇರೋದಿಲ್ಲ. ಅಳತೆ ಮಿಲಿಮೀಟರೋ ಮೀಟರೋ ಅನ್ನೋದೂ ಇರೋದಿಲ್ಲ. ಸಿಮ್ಯುಲೇಷನ್‌ಗೆ ಮಾಡಿದ್ದ ಮೂರು ಪಾರ್ಟ್ ಮೀಟರ್ ಲೆಕ್ಕದಲ್ಲಿದ್ದವು. 120 ಮಿ.ಮೀ. ತೋಳು 0.12 ಮಿ.ಮೀ. ಆಗಿ ತೆರೆದುಕೊಂಡಿತು. ಪರದೆ ಮೇಲೆ ಏನೂ ಕಾಣಲಿಲ್ಲ. ಫೈಲೇ ಕೆಟ್ಟಿದೆ ಅಂದುಕೊಂಡು ಅರ್ಧ ದಿನ ಒದ್ದಾಡಿದೆ.

ಆಮೇಲೆ ಫ್ರೀಕ್ಯಾಡ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಮೆಶ್‌ನಿಂದ (ಅದೇ ತ್ರಿಕೋನಗಳ ಜಾಲ) ಶೇಪ್, ಶೇಪ್‌ನಿಂದ ಸಾಲಿಡ್ ಮಾಡೋಕೆ ಹೋದೆ. ಬೇಸ್ ಒಂದರಲ್ಲೇ 46 ಸಾವಿರ ತ್ರಿಕೋನ. ಒಂದೊಂದೂ ಒಂದೊಂದು ಮುಖ ಆಗುತ್ತೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ನನ್ನದು. ರಾತ್ರಿ ಹಾಗೇ ಓಡಲಿ ಅಂತ ಬಿಟ್ಟು ಮಲಗಿದೆ. ಬೆಳಗಿನ ಜಾವ ಕರೆಂಟ್ ಹೋಗಿ ಎಲ್ಲಾ ಮಣ್ಣುಪಾಲು. ತ್ರಿಕೋನ ಕಡಿಮೆ ಮಾಡಿದರೆ ದುಂಡು ಕೆಡುತ್ತೆ. ಚಪ್ಪಟೆ ಮುಖಗಳನ್ನು ಅದರಲ್ಲಿರುವ 'ರಿಫೈನ್' ಅನ್ನೋ ಸೌಲಭ್ಯ ಸೇರಿಸಿಕೊಡುತ್ತೆ, ನಿಜ. ತೂತು ಮಾತ್ರ ಪಟ್ಟಿ ಪಟ್ಟಿಯಾಗೇ ಉಳಿಯುತ್ತೆ.

ಆ ತೂತೇ ನನ್ನ ಜೀವ ತಿಂದಿದ್ದು. ಕೀಲು ಸಲೀಸಾಗಿ ತಿರುಗೋಕೆ ಹಾಕುವ 608 ಬೇರಿಂಗ್‌ನ ಹೊರ ಅಳತೆ 22 ಮಿ.ಮೀ. ಮೆಶ್‌ನಲ್ಲಿ ಅದರ ತೂತಿಗೆ 32 ಮೂಲೆ. ಮೂಲೆಯಿಂದ ಎದುರು ಮೂಲೆಗೆ ಅಳೆದರೆ 22. ಎದುರುಬದುರು ಬದಿಗಳ ನಡುವೆ ಅಳೆದರೆ 21.89. ಬೇರಿಂಗ್ ಒಳಗೆ ಹೋಗಲ್ಲ. ತಟ್ಟಿ ಕೂರಿಸೋಕೆ ಹೋದರೆ ಪ್ರಿಂಟ್ ಸೀಳುತ್ತೆ. ಎರಡು ಸೀಳಿದವು. ಒಂದೊಂದು ಏಳು ಗಂಟೆಯ ಪ್ರಿಂಟ್.

ಗೈಡ್ ಹತ್ತಿರ ಹೇಳಿದರೆ, 'ಕನ್ವರ್ಟ್ ಕೊಡಪ್ಪ, ಎರಡು ನಿಮಿಷದ ಕೆಲಸ' ಅಂತಾರೆ. ದಾವಣಗೆರೆಯಲ್ಲಿದ್ದು ಮಂಡಕ್ಕಿ ಭಟ್ಟಿ ನೋಡದವರು ಯಾರಿದ್ದಾರೆ ಸರ್? ಹುರಿದು ಅರಳಿದ ಮಂಡಕ್ಕಿಯನ್ನು ಮತ್ತೆ ಭತ್ತ ಮಾಡೋಕಾಗುತ್ತಾ?

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಕನ್ವರ್ಟ್ ಮಾಡಿಕೊಡ್ತೀನಿ ಅಂದ ಒಬ್ಬನಿಗೆ ನಾಲ್ಕು ಜನ ಸೇರಿ 2,500 ರೂಪಾಯಿ ಕೊಟ್ಟೆವು. ಮಾರನೇ ದಿನವೇ ಫೈಲ್ ಬಂತು. ಬೇಸನ್ನು ಅಲ್ಯುಮಿನಿಯಂನಲ್ಲಿ ಮಾಡಿಸೋಣ ಅಂತ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಅಂಗಡಿಗೆ ಒಯ್ದೆ. ಅಲ್ಲಿಯ ಅಣ್ಣ ತೆರೆದು ನೋಡಿ, 'ತಮ್ಮಾ, ಇದ್ರಾಗೆ ತೂತೇ ಸೆಲೆಕ್ಟ್ ಆಗ್ತಿಲ್ಲ. ರೌಂಡ್ ಎಲ್ಲೈತಿ?' ಅಂದರು. ಹೆಸರಿಗೆ ಸ್ಟೆಪ್, ಒಳಗೆ ಅದೇ 46 ಸಾವಿರ ತ್ರಿಕೋನ. ಕನ್ವರ್ಟ್ ಮಾಡಿಕೊಟ್ಟವನಿಗೆ ಫೋನ್ ಮಾಡಿದರೆ, 'ನೀವು ಕೇಳಿದ್ದು ಸ್ಟೆಪ್, ಕೊಟ್ಟಿದ್ದೂ ಸ್ಟೆಪ್' ಅಂದ. ದುಡ್ಡು ವಾಪಸ್ ಬರಲಿಲ್ಲ. ಮೆಸ್ ಬಿಲ್‌ಗೆ ಇಟ್ಟಿದ್ದ ದುಡ್ಡು ಅದು.

ಡಿಸೈನ್ ಹಾಕುವವರೇ, ಮೂಲ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇದೆ ಅಲ್ವಾ? ಎಸ್‌ಟಿಎಲ್ ತೆಗೆಯುವಾಗ ಸ್ಟೆಪ್ ಕೂಡ ತೆಗೆಯೋಕೆ ಅರ್ಧ ನಿಮಿಷ ಸಾಕು. ಐಎಸ್‌ಒ 10303 ಅಂತ ಅದಕ್ಕೊಂದು ಮಾನದಂಡವೇ ಇದೆ. ಹೆಚ್ಚುಕಡಿಮೆ ಎಲ್ಲ ಕ್ಯಾಡ್ (ಡಿಸೈನ್) ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತೆ. ನಿಮಗೆ ಸಿಕ್ಕ ಸರ್ವೋ ನಮ್ಮೂರ ಅಂಗಡಿಯಲ್ಲಿ ಸಿಗಲ್ಲ. ಇಲ್ಲಿ ಸಿಕ್ಕಿದ್ದಕ್ಕೆ ತಕ್ಕಂತೆ ತಿದ್ದಲೇಬೇಕು. ತಿದ್ದೋಕೇ ಆಗದ್ದನ್ನು 'ಓಪನ್' ಅಂತ ಯಾಕೆ ಕರೀತೀರಿ?

ಈಗ ಎಲ್ಲಾ ಪ್ರಿಂಟ್ ತೆಗೆದು, ವರ್ನಿಯರ್‌ನಲ್ಲಿ ಅಳೆದು, ಒಂದೊಂದೇ ಪಾರ್ಟ್ ಮೊದಲಿಂದ ಬರೀತಿದ್ದೀನಿ. ಏಳು ಮುಗಿದಿವೆ. ಅಡಿಕೆ ಹಿಡಿಯುವ ಬೆರಳು ಪೂರ್ತಿ ಬಾಗಿದ ಆಕಾರ, ವರ್ನಿಯರ್‌ಗೆ ಸಿಗುತ್ತಿಲ್ಲ. ಸೋಮವಾರ ರಿವ್ಯೂ ಇದೆ.