ಸಿಲಿಂಡರ್ ಎತ್ತಿದ ಪ್ರಸಂಗ

ಭಾನುವಾರ ಬೆಳಿಗ್ಗೆ, ಎರಡನೇ ದೋಸೆ ಕಾವಲಿ ಮೇಲಿರುವಾಗಲೇ ಗ್ಯಾಸ್ ಮುಗಿಯಿತು. ನಮ್ಮನೆ ಗ್ಯಾಸ್ ಯಾವತ್ತೂ ಊಟ ಆದಮೇಲೆ ಮುಗಿದದ್ದಿಲ್ಲ ಬಿಡಿ.

"ರೀ, ಹಿಂದಿರೋ ಸಿಲಿಂಡರ್ ತನ್ನಿ" ಎಂದಳು ಹೆಂಡತಿ. ಖಾಲಿಯಾದದ್ದನ್ನು ಅವಳೇ ಆಗಲೇ ಬಿಚ್ಚಿ ಹಿಂದೆ ಇಟ್ಟಿದ್ದಳು, ತುಂಬಿದ್ದರ ಪಕ್ಕದಲ್ಲೇ. ಎರಡೂ ಅವಳಿ ಜವಳಿ. ಸೀಲ್ ನೋಡಿದ್ದರೆ ಗೊತ್ತಾಗುತ್ತಿತ್ತು, ಆದರೆ ಹಸಿದವನಿಗೆ ಸೀಲ್ ಎಲ್ಲಿ ಕಾಣಬೇಕು?

ಒಳಗಿನ ಗ್ಯಾಸ್ 14.2 ಕೆಜಿ, ಬರೀ ಸಿಲಿಂಡರ್ ಇನ್ನೊಂದು 15, ಒಟ್ಟು ಹತ್ತಿರ ಹತ್ತಿರ 30 ಕೆಜಿ ಅಂತ ಮನಸ್ಸಲ್ಲೇ ಲೆಕ್ಕ ಹಾಕಿ, ಪಂಚೆ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಎಳೆದೆ ನೋಡಿ, ಸಿಲಿಂಡರ್ ನನಗಿಂತ ಮೊದಲೇ ಮೇಲೆದ್ದಿತು. ಎಳೆದದ್ದು ಖಾಲಿಯದನ್ನು! ಮರುಕ್ಷಣ ನಾನು ಮುಸುರೆ ಪಾತ್ರೆಯ ಟಬ್ಬಿನಲ್ಲಿ ಕೂತಿದ್ದೆ, ಸಿಲಿಂಡರ್ ನನ್ನ ತೊಡೆ ಮೇಲೆ ಮಗುವಿನ ಹಾಗೆ ಕೂತಿತ್ತು.

"ಅಲ್ಲೇ ಯಾಕ್ರೀ ಕೂತ್ರಿ?" ಎಂದಳು.

ಒಂಬತ್ತನೇ ಕ್ಲಾಸಿನ ಮಗ ಓಡಿ ಬಂದ. ಎತ್ತಲಿಕ್ಕಲ್ಲ. "ಅಪ್ಪಾ, ಬಲ ಅಷ್ಟೇ ಇದ್ದು ದ್ರವ್ಯರಾಶಿ ಅರ್ಧ ಆದ್ರೆ ವೇಗೋತ್ಕರ್ಷ ಡಬಲ್!" ನ್ಯೂಟನ್ 1687ರಲ್ಲೇ ಅಚ್ಚು ಹಾಕಿಸಿದ ನಿಯಮವನ್ನು ಟಬ್ಬಿನಲ್ಲಿ ಕೂತು ಕೇಳುವ ಯೋಗ ನನ್ನದು.

ಆದರೂ ಡಬಲ್ ಅನ್ನೋದು ನನ್ನ ಸೊಂಟಕ್ಕೆ ಒಪ್ಪಿಗೆಯಾಗಲಿಲ್ಲ. ಮುಲಾಮು ಹಚ್ಚಿಕೊಂಡು ಲೆಕ್ಕಕ್ಕೆ ಕೂತೆ. ಗುರುತ್ವ 10 ಅಂತಿಟ್ಟುಕೊಳ್ಳಿ. ತುಂಬಿದ್ದನ್ನು ಸುಮ್ನೆ ಹಿಡಿದು ನಿಲ್ಲಲಿಕ್ಕೇ 300 ನ್ಯೂಟನ್ ಬೇಕು. ನಾನು 360 ಹಾಕಿರಬಹುದು. ಮಿಕ್ಕ 60ನ್ನು 30ರಿಂದ ಭಾಗಿಸಿದರೆ ವೇಗೋತ್ಕರ್ಷ 2 (ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಅಂತ ಬರೆಯದಿದ್ದರೆ ಅರ್ಧ ಮಾರ್ಕ್ಸ್ ಹೋಗತ್ತೆ). ಖಾಲಿಯದಕ್ಕೆ 150 ಸಾಕು. ಮಿಕ್ಕಿದ್ದು 210, ಅದನ್ನು 15ರಿಂದ ಭಾಗಿಸಿ. 14! ಡಬಲ್ ಅಲ್ಲ, ಏಳು ಪಟ್ಟು. ಮರದಿಂದ ಬೀಳುವ ತೆಂಗಿನಕಾಯಿಗೇ 9.8 ಇರೋದು. ನನ್ನ ಸಿಲಿಂಡರ್ ಅದಕ್ಕಿಂತ ಜೋರಾಗಿ, ಅದೂ ಮೇಲ್ಮುಖವಾಗಿ ಹೊರಟಿತ್ತು.

ಇದನ್ನೆಲ್ಲ ಹೆಂಡತಿಗೆ ವಿವರಿಸುತ್ತಾ ಇದ್ದೆ. ಅವಳು ಇನ್ನೊಂದು ಸಿಲಿಂಡರಿನ ಕುತ್ತಿಗೆ ಹಿಡಿದು ಮೆಲ್ಲಗೆ ತಳ್ಳಿ ನೋಡಿದಳು. ಅಲ್ಲಾಡಲಿಲ್ಲ. "ಇದು ತುಂಬಿದ್ದು" ಎಂದವಳೇ ಓರೆ ಮಾಡಿ, ತಿರುಗಿಸುತ್ತಾ ತಿರುಗಿಸುತ್ತಾ ಒಳಗೆ ಒಯ್ದಳು.

ಆ ಎರಡನೇ ದೋಸೆ ಕೊನೆಗೂ ನನ್ನ ತಟ್ಟೆಗೇ ಬಂತು, ಅರ್ಧ ಹಸಿ.